ಹೆಸರಿನ ಅಂಗಡಿಯೂ ಗಿರಾಕಿಯ ವಿಳಾಸವೂ

ಅಂತರಜಾಲದಲ್ಲಿ ಒಂದು ಹೆಸರನ್ನು ಕೊಳ್ಳುವುದು ಈಗ ಒಂದು ಜೊತೆ ಚಪ್ಪಲಿಯನ್ನು ಕೊಳ್ಳುವುದಕ್ಕಿಂತ ಸುಲಭವಾಗಿದೆ. ವರ್ಷಕ್ಕೆ ಸಾವಿರ ರೂಪಾಯಿಯ ಆಚೆ ಈಚೆ ತೆತ್ತರೆ ‘ಡಾಟ್ ಕಾಮ್’ ಎಂದೋ ‘ಡಾಟ್ ಇನ್’ ಎಂದೋ ಕೊನೆಗೊಳ್ಳುವ ಡೊಮೇನ್ ಹೆಸರೊಂದು ನಮ್ಮದಾಗುತ್ತದೆ. ‘ಕೊಳ್ಳುವುದು’ ಎಂಬುದು ವಾಡಿಕೆಯ ಮಾತಷ್ಟೆ. ನಿಜಕ್ಕೆ ಇದು ಬಾಡಿಗೆಯ ವ್ಯವಹಾರ. ಅವಧಿ ತೀರಿದಾಗ ಹಣ ಕಟ್ಟದೆ ಹೋದರೆ ಹೆಸರು ಮತ್ತೊಬ್ಬನ ಪಾಲು. ಚಪ್ಪಲಿಯ ಅಂಗಡಿಯವನು ನಮ್ಮ ಪಾದದ ಅಳತೆಯೊಂದನ್ನು ಕೇಳಿ ಸುಮ್ಮನಾಗುತ್ತಾನೆ. ಹೆಸರಿನ ಅಂಗಡಿಯವನಾದರೋ ನಮ್ಮ ಹೆಸರು, ಮನೆಯ ನಂಬರು, ಬೀದಿ, ಊರು, ಪಿನ್ ಕೋಡು, ದೂರವಾಣಿ, ಇ-ಮೇಲು ಇಷ್ಟನ್ನೂ ಕೇಳುತ್ತಾನೆ. ಹಣ ಯಾವ ಬಗೆಯಲ್ಲಿ ಪಾವತಿಯಾಯಿತು, ಯಾವ ಹೊತ್ತಿನಲ್ಲಿ ಎಲ್ಲಿಂದ ಬೇಡಿಕೆ ಬಂದಿತು ಎಂಬುದೂ ಅವನ ಲೆಕ್ಕದಲ್ಲಿ ತಾನಾಗಿಯೇ ದಾಖಲಾಗುತ್ತದೆ. ಈ ಅಂಗಡಿಯವನಿಗೆ ‘ರಿಜಿಸ್ಟ್ರಾರ್’ ಎಂದು ಹೆಸರು. ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಿಗೂ ಇವನಿಗೂ ಯಾವ ಸಂಬಂಧವೂ ಇಲ್ಲವೆಂದು ಹೊಸ ವಿದ್ಯಾರ್ಥಿಗಳ ಸಮಾಧಾನಕ್ಕಾಗಿ ಹೇಳಿಬಿಡುತ್ತೇನೆ.

ನಮ್ಮ ಮಿತ್ರರಲ್ಲಿ ಅನೇಕರು ತಮ್ಮ ಕವಿತೆಗಳಿಗೋ ಛಾಯಾಚಿತ್ರಗಳಿಗೋ ಸಣ್ಣ ವ್ಯಾಪಾರಕ್ಕೋ ಸ್ವಂತ ಜಾಲತಾಣವನ್ನು ತೆರೆಯುತ್ತಿರುವ ಈ ದಿನಗಳಲ್ಲಿ, ಹೀಗೆ ಕೊಟ್ಟ ವಿವರಗಳು ಎಲ್ಲಿಗೆ ಹೋಗುತ್ತವೆ, ಯಾರ ಕಣ್ಣಿಗೆ ಬೀಳುತ್ತವೆ, ಎಷ್ಟು ಕಾಲ ಉಳಿಯುತ್ತವೆ ಎಂಬುದನ್ನು ವಿಚಾರಮಾಡುವುದು ಅನುಚಿತವಾಗಲಾರದು. ಅಂಗಡಿಯವನಿಗೆ ನಮ್ಮ ವಿಳಾಸ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಊರಿಗೆಲ್ಲ ಸಾರುವ ಅಧಿಕಾರ ಅವನಿಗಿಲ್ಲ, ಕೆಲಸಕ್ಕೆ ಬೇಡದ್ದನ್ನು ಕೇಳುವ ಅಧಿಕಾರವೂ ಇಲ್ಲ ಎಂಬುದು ನನ್ನ ಪಕ್ಷ.

ಸಾರುವ ಅಧಿಕಾರ ಯಾರಿಗೆ ತಾನೆ ಇತ್ತು ಎಂದು ಕೇಳುವವರಿರಬಹುದು. ಇತ್ತು, ಅಧಿಕಾರವೇನು, ಅದು ಅವನ ಕರ್ತವ್ಯವೇ ಆಗಿತ್ತು. ಈ ಪದ್ಧತಿ ಹುಟ್ಟಿದ್ದು ಮಾತ್ರ ಯಾವ ದುರುದ್ದೇಶದಿಂದಲೂ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಅರ್ಪಾನೆಟ್ ಎಂಬ ಜಾಲವನ್ನು ಬಳಸುತ್ತಿದ್ದವರು ಸಂಶೋಧಕರು, ಪ್ರಾಧ್ಯಾಪಕರು, ಯಂತ್ರಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ತಂತ್ರಜ್ಞರು. ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ಮೇಲ್ವಿಚಾರಣೆಯಲ್ಲಿದ್ದ ಮಾಹಿತಿ ಕೇಂದ್ರವು ಇವರೆಲ್ಲರ ಹೆಸರು ವಿಳಾಸಗಳ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ಈ ಪಟ್ಟಿಯನ್ನು ಜಾಲದ ಮೂಲಕವೇ ಕೇಳಿ ತಿಳಿಯುವ ಕ್ರಮವು 1982ರ ಮಾರ್ಚಿಯಲ್ಲಿ ಬರಹಕ್ಕೆ ಇಳಿಯಿತು. ಅದಕ್ಕೆ ‘ಹೂ ಈಸ್’, ಎಂದರೆ ‘ಯಾರು?’ ಎಂದು ಹೆಸರಾಯಿತು. ಎಲ್ಲೋ ಒಂದು ಯಂತ್ರ ಕೆಟ್ಟು ಜಾಲಕ್ಕೆ ಕಿರುಕುಳವಾದರೆ ಯಾರಿಗೆ ಫೋನು ಮಾಡಬೇಕೆಂಬುದು ತಿಳಿಯಬೇಕಷ್ಟೆ. ಹಳ್ಳಿಯಲ್ಲಿ ಎಲ್ಲರ ಮನೆ ಎಲ್ಲರಿಗೂ ಗೊತ್ತಿರುವಂತೆ ಆ ಜಾಲದಲ್ಲಿಯೂ ಗೊತ್ತಿತ್ತು. ಅದರಿಂದ ಯಾರಿಗೂ ಕೇಡಾಗಲಿಲ್ಲ.

1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಯಂತ್ರ ತಯಾರಕರ ಹೆಸರು ಮೊಟ್ಟಮೊದಲ ಡಾಟ್ ಕಾಮ್ ಹೆಸರಾಗಿ ನೋಂದಣಿಯಾಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಹಳ್ಳಿ ಹೋಗಿ ಪೇಟೆಯಾಯಿತು, ಪೇಟೆ ಹೋಗಿ ಜಾತ್ರೆಯಾಯಿತು. 1998ರಲ್ಲಿ ಹೆಸರುಗಳ ಆಡಳಿತಕ್ಕೆಂದು ‘ಐಕ್ಯಾನ್’ ಎಂಬ ಸಂಸ್ಥೆ ಕ್ಯಾಲಿಫೋರ್ನಿಯದಲ್ಲಿ ಸ್ಥಾಪನೆಯಾಯಿತು. ಮರುವರ್ಷದಿಂದ ಒಂದೇ ಅಂಗಡಿಯಿದ್ದ ಕಡೆ ಹಲವು ಅಂಗಡಿಗಳು ಬಾಗಿಲು ತೆರೆದವು. ಇಷ್ಟೆಲ್ಲ ಬದಲಾದರೂ ಆ ಪಟ್ಟಿ ಮಾತ್ರ ಹಳ್ಳಿಯ ಕಾಲದ ಪಟ್ಟಿಯಾಗಿಯೇ ಉಳಿಯಿತು. ಹೆಸರು ಪಡೆದವನ ಮನೆಯ ವಿಳಾಸ, ಫೋನು, ಇ-ಮೇಲು ಎಲ್ಲವನ್ನೂ ಜಗತ್ತಿನ ಯಾವನು ಕೇಳಿದರೂ, ಏಕೆಂದು ವಿಚಾರಿಸದೆ, ತೋರಿಸತಕ್ಕದ್ದೆಂದು ಐಕ್ಯಾನಿಗೂ ಅಂಗಡಿಗಳಿಗೂ ಆದ ಒಪ್ಪಂದ ವಿಧಿಸಿತು. 2001ರ ಒಪ್ಪಂದದಲ್ಲಿ ಇನ್ನೂ ಒಂದು ಸ್ವಾರಸ್ಯವಾದ ಕಲಮು ಇದೆ. ಇಡೀ ಪಟ್ಟಿಯನ್ನು ಒಟ್ಟಾಗಿ ಬೇಕೆನ್ನುವವರಿಗೆ ಅಂಗಡಿಯವನು ಅದನ್ನು ಕೊಡಬೇಕು. ಅದಕ್ಕಾಗಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೆ ಮೀರದಂತೆ ಶುಲ್ಕ ತೆಗೆದುಕೊಳ್ಳಬಹುದು! ಗಿರಾಕಿ ತನ್ನ ಹೆಸರನ್ನು ಕಾಯ್ದಿರಿಸಲೆಂದು ಕೊಟ್ಟ ವಿವರವು ಹೀಗೆ ಮಾರಾಟದ ಸರಕಾಯಿತು.

ಫಲ ಬೇಗನೆ ಕಾಣಿಸಿಕೊಂಡಿತು. ವೆರಿಯೊ ಎಂಬ ಕಂಪನಿ ರಿಜಿಸ್ಟರ್ ಡಾಟ್ ಕಾಮ್ ಎಂಬ ಅಂಗಡಿಯ ಪಟ್ಟಿಯನ್ನು ಯಂತ್ರದ ಸಹಾಯದಿಂದ ದಿನದಿನವೂ ಸೋಸಿ, ಹೊಸದಾಗಿ ಹೆಸರು ಪಡೆದವರಿಗೆ ‘ನಮ್ಮ ಬಳಿ ಜಾಲತಾಣ ಕಟ್ಟಿಸಿಕೊಳ್ಳಿ’ ಎಂದು ಇ-ಮೇಲು, ಅಂಚೆ, ದೂರವಾಣಿ ಮೂರರಿಂದಲೂ ದುಂಬಾಲು ಬಿದ್ದಿತು. ಅಂಗಡಿ ನ್ಯಾಯಾಲಯಕ್ಕೆ ಹೋಯಿತು. 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ವೆರಿಯೊವನ್ನು ತಡೆಯಿತು. 2004ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಷ್ಟಾಗಿಯೂ ಅಲ್ಲಿ ವಾದಿ ಪ್ರತಿವಾದಿಗಳಾಗಿ ನಿಂತವರು ಇಬ್ಬರು ವರ್ತಕರು. ಮನೆಯಲ್ಲಿ ಫೋನು ಬಾರಿಸಿಕೊಂಡ ಗಿರಾಕಿಯ ಹೆಸರು ಆ ವ್ಯಾಜ್ಯದಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ನಾಡಿನಲ್ಲಿಯೂ ಹತ್ತು ಹದಿನೈದು ವರ್ಷಗಳ ಹಿಂದೆ ಹೆಸರು ನೋಂದಾಯಿಸಿದವರನ್ನು ಕೇಳಿನೋಡಿ. ಹಣ ಕಟ್ಟಿದ ಮರುದಿನವೇ ‘ಸಾರ್, ಲೋಗೋ ಬೇಕೆ, ವೆಬ್‌ಸೈಟ್ ಮಾಡಿಕೊಡೋಣವೆ’ ಎಂಬ ಕರೆಗಳು ಸಾಲುಗಟ್ಟಿ ಬಂದ ಕಥೆಯನ್ನು ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ.

ಈ ಕಾಟಕ್ಕೆ ಅಂಗಡಿಯವರೇ ಒಂದು ಔಷಧವನ್ನು ಕಂಡುಹಿಡಿದರು. ಇನ್ನಷ್ಟು ಹಣ ಕೊಟ್ಟರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಬದಲು ನಮ್ಮದೇ ಇನ್ನೊಂದು ಸಂಸ್ಥೆಯ ಹೆಸರನ್ನು ಹಾಕುತ್ತೇವೆ, ನೀವು ಪರದೆಯ ಹಿಂದೆ ಇರಿ ಎಂದರು. ಗೋಡೆಯಲ್ಲಿ ಕಿಂಡಿ ಕೊರೆದವನೇ ಪರದೆಯನ್ನೂ ಮಾರಿದ ಹಾಗಾಯಿತು. ಪರದೆಯನ್ನು ಕೊಂಡವರ ಕಷ್ಟ 2007ರಲ್ಲಿ ಬಯಲಾಯಿತು. ಆ ವರ್ಷ ರಿಜಿಸ್ಟರ್‌ಫ್ಲೈ ಎಂಬ ದೊಡ್ಡ ಅಂಗಡಿ ಒಳಜಗಳದಿಂದಲೂ ಅವ್ಯವಸ್ಥೆಯಿಂದಲೂ ಕುಸಿದುಬಿದ್ದು, ಐಕ್ಯಾನ್ ಅದರ ಮಾನ್ಯತೆಯನ್ನು ರದ್ದುಮಾಡಿತು. ಲಕ್ಷಾಂತರ ಹೆಸರುಗಳನ್ನು ಬೇರೆ ಅಂಗಡಿಗೆ ಸಾಗಿಸಬೇಕಾಗಿ ಬಂದಾಗ, ಪರದೆಯ ಹಿಂದೆ ಇದ್ದವರು ‘ಈ ಹೆಸರು ನನ್ನದು’ ಎಂದು ತೋರಿಸಿಕೊಡಲು ಪೇಚಾಡಿದರು. ದಾಖಲೆಯಲ್ಲಿ ಇದ್ದದ್ದು ಅಂಗಡಿಯ ಹೆಸರು! ಅಲ್ಲಿಂದ ಮುಂದೆ ಪ್ರತಿಯೊಂದು ಅಂಗಡಿಯೂ ತನ್ನ ಗಿರಾಕಿಗಳ ದಾಖಲೆಯ ಪ್ರತಿಯೊಂದನ್ನು ಹೊರಗಿನ ನಂಬಿಕಸ್ಥರಲ್ಲಿ ಠೇವಣಿ ಇಡುವ ಏರ್ಪಾಡು ಬಿಗಿಯಾಯಿತು. ಎಂದಮೇಲೆ, ದಾಖಲೆಯೇ ಇರಕೂಡದು ಎಂಬ ವಾದಕ್ಕೆ ನಾನು ಸೇರಲಾರೆ. ಅದು ನಮ್ಮ ಒಡೆತನದ ಪತ್ರ.

ಇಲ್ಲಿ ನಮ್ಮ ಪಹಣಿಯ ನೆನಪಾಗುತ್ತದೆ. ಜಮೀನು ಯಾರದೆಂಬುದು ಪಹಣಿಯಲ್ಲಿ ಬರೆದಿರುತ್ತದೆ; ‘ಭೂಮಿ’ ಯೋಜನೆ ಬಂದಂದಿನಿಂದ ಸರ್ವೆ ನಂಬರು ಗೊತ್ತಿರುವ ಯಾರು ಬೇಕಾದರೂ ಅದನ್ನು ನೋಡಬಹುದು. ಒಡೆಯನ ಹೆಸರು, ವಿಸ್ತೀರ್ಣ, ಬೆಳೆ ಎಲ್ಲ ಉಂಟು. ಆದರೆ ರೈತನ ಮನೆಯ ಫೋನ್ ನಂಬರನ್ನು ಪಹಣಿಯ ಕಾಲಮ್ಮಿನಲ್ಲಿ ಬರೆದು ಜಗತ್ತಿಗೆ ತೋರಿಸಬೇಕೆಂದು ಯಾವ ತಹಸೀಲ್ದಾರರೂ ಹೇಳಿಲ್ಲ. ಒಡೆತನವನ್ನು ತೋರಿಸುವುದಕ್ಕೆ ಅದು ಬೇಕಾಗಿಲ್ಲ. ಹೆಸರಿನ ಅಂಗಡಿಗಳ ಪಟ್ಟಿಯಲ್ಲಿ ಈ ವಿವೇಚನೆ ಸುಮಾರು ಇಪ್ಪತ್ತು ವರ್ಷ ಕಾಣಿಸಲೇ ಇಲ್ಲ.

ಬಹಿರಂಗ ಪಟ್ಟಿಯ ಪರವಾಗಿ ಹೇಳುವವರ ಮಾತು ತಳ್ಳಿಹಾಕತಕ್ಕದ್ದಲ್ಲ. ಬ್ಯಾಂಕಿನ ಹೆಸರನ್ನೇ ಹೋಲುವ ಹೆಸರೊಂದನ್ನು ಪಡೆದು ಮುದುಕರ ಉಳಿತಾಯವನ್ನು ದೋಚುವವರು, ಇಲ್ಲದ ನೌಕರಿಗೆ ಅರ್ಜಿ ಶುಲ್ಕ ಕೀಳುವವರು ಈ ಜಾತ್ರೆಯಲ್ಲಿ ಧಾರಾಳವಾಗಿ ಇದ್ದಾರೆ. ಇಂಥವರ ಬೆನ್ನುಹತ್ತುವ ಪೊಲೀಸರಿಗೂ, ಪತ್ರಕರ್ತರಿಗೂ, ತಮ್ಮ ಹೆಸರಿನ ನಕಲನ್ನು ತಡೆಯಲು ದೆಹಲಿ ಉಚ್ಚ ನ್ಯಾಯಾಲಯದವರೆಗೆ ಹೋದ ವ್ಯಾಪಾರ ಸಂಸ್ಥೆಗಳಿಗೂ ಪಟ್ಟಿ ಒಂದು ದೀಪವಾಗಿತ್ತು. ದೀಪ ಆರಿಸಿಬಿಟ್ಟಿರಲ್ಲ ಎಂದು ಅವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಆ ದೀಪದ ಬೆಳಕು ಯಾರ ಮೇಲೆ ಬೀಳುತ್ತಿತ್ತು? ಮೋಸಗಾರನು ತನ್ನ ನಿಜವಾದ ಮನೆಯ ನಂಬರನ್ನು ಬರೆಯುತ್ತಾನೆಯೆ? ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2005ರಲ್ಲಿ ಪರಿಶೀಲಿಸಿ, ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್ ಹೆಸರುಗಳ ಪೈಕಿ ನೂರಕ್ಕೆ ಐದಕ್ಕೂ ಮಿಕ್ಕಿ, ಎಂದರೆ ಸುಮಾರು 23 ಲಕ್ಷ ಹೆಸರುಗಳ ವಿವರ ಮೇಲುನೋಟಕ್ಕೇ ಸುಳ್ಳೆಂದು ಅಂದಾಜು ಮಾಡಿತು. ಮೇಲುನೋಟಕ್ಕೆ ನಿಜವಾಗಿ ಕಾಣುವ ಸುಳ್ಳು ಇದರ ಲೆಕ್ಕಕ್ಕೆ ಬರುವುದಿಲ್ಲ. ನಿಯಮಕ್ಕೆ ಅಂಜಿ ನಿಜವಾದ ವಿಳಾಸ ಕೊಟ್ಟವನು ಯಾರು? ಊರಿನ ರಾಜಕಾರಣವನ್ನು ಟೀಕಿಸಿ ಬರೆಯುವ ತರುಣ, ತನ್ನ ಕಥೆಗಳಿಗೊಂದು ತಾಣ ಮಾಡಿಕೊಂಡ ಹಾಸ್ಟೆಲಿನ ಹುಡುಗಿ, ನಿವೃತ್ತ ಮೇಷ್ಟರು. ಕಥೆ ಇಷ್ಟವಾಗಲಿಲ್ಲವೆಂದೋ, ಅತಿಯಾಗಿ ಇಷ್ಟವಾಯಿತೆಂದೋ ಒಬ್ಬ ಅಪರಿಚಿತನು ಆ ಹುಡುಗಿಯ ಮನೆಯ ಬಾಗಿಲಿಗೆ ಬಂದು ನಿಲ್ಲುವ ಸಾಧ್ಯತೆಯನ್ನು ನೆನೆಸಿದರೆ, ‘ಪಾರದರ್ಶಕತೆ’ ಎಂಬ ದೊಡ್ಡ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಬದಲಾವಣೆ ಯುರೋಪಿನಿಂದ ಬಂದಿತು. ವ್ಯಕ್ತಿಗಳ ಮಾಹಿತಿಯನ್ನು ರಕ್ಷಿಸುವ ಅಲ್ಲಿನ ಹೊಸ ಶಾಸನ 2018ರ ಮೇ 25ರಂದು ಜಾರಿಗೆ ಬಂದಾಗ, ಅದಕ್ಕೆ ಎಂಟೇ ದಿನ ಮೊದಲು ಐಕ್ಯಾನ್ ಅವಸರದಲ್ಲಿ ಒಂದು ತಾತ್ಕಾಲಿಕ ನಿಯಮವನ್ನು ಹೊರಡಿಸಿ, ಪಟ್ಟಿಯಲ್ಲಿನ ಖಾಸಗಿ ವಿವರಗಳನ್ನು ಮರೆಮಾಡಲು ಒಪ್ಪಿತು. ಶಾಸನ ಬರುತ್ತದೆಂಬುದು ಎರಡು ವರ್ಷದ ಹಿಂದೆಯೇ ಗೊತ್ತಿತ್ತು; ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವವರು ನಾವು ಮಾತ್ರವಲ್ಲ ಎಂದು ತಿಳಿದು ನನಗೆ ಸ್ವಲ್ಪ ಸಂತೋಷವಾಯಿತು.

ಆ ದಿನವೇ ನಡೆದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಜರ್ಮನಿಯ ಬಾನ್ ನಗರದಲ್ಲಿ ಎಪಾಗ್ ಎಂಬ ಅಂಗಡಿಯಿದೆ. ಹಿಂದಿನಿಂದಲೂ ಹೆಸರು ಪಡೆಯುವವನ ವಿವರದ ಜೊತೆಗೆ ‘ಆಡಳಿತಕ್ಕೆ ಸಂಪರ್ಕಿಸಬೇಕಾದವರು’, ‘ತಾಂತ್ರಿಕ ವಿಷಯಕ್ಕೆ ಸಂಪರ್ಕಿಸಬೇಕಾದವರು’ ಎಂದು ಇನ್ನಿಬ್ಬರ ಹೆಸರು ವಿಳಾಸಗಳನ್ನೂ ಕೇಳುವ ಪದ್ಧತಿಯಿತ್ತು. ಬಹುಪಾಲು ಗಿರಾಕಿಗಳು ಮೂರು ಕಡೆಯೂ ತಮ್ಮ ಹೆಸರನ್ನೇ ಬರೆಯುತ್ತಿದ್ದರು. ಇನ್ನು ಮುಂದೆ ಈ ಇಬ್ಬರ ವಿವರವನ್ನು ನಾವು ಕೇಳುವುದಿಲ್ಲ ಎಂದಿತು ಎಪಾಗ್. ಕೇಳಲೇಬೇಕೆಂದು ಐಕ್ಯಾನ್ ದಾವೆ ಹೂಡಿತು. ಮೇ 29ರಂದು ಬಾನಿನ ನ್ಯಾಯಾಲಯ ಐಕ್ಯಾನಿನ ಕೋರಿಕೆಯನ್ನು ನಿರಾಕರಿಸಿತು. ಹೆಸರು ಪಡೆದವನ ವಿವರವೊಂದೇ ಸಾಲದು, ಉಳಿದಿಬ್ಬರದೂ ಅವಶ್ಯವೆಂಬುದನ್ನು ನೀವು ತೋರಿಸಿಕೊಟ್ಟಿಲ್ಲ ಎಂಬುದು ಅದರ ತೀರ್ಮಾನದ ಸಾರ. ಕೊಲೋನಿನ ಮೇಲಿನ ನ್ಯಾಯಾಲಯದಲ್ಲಿಯೂ ಐಕ್ಯಾನಿಗೆ ಜಯ ದೊರೆಯಲಿಲ್ಲ.

ಈ ಮೊಕದ್ದಮೆಯ ಹಿರಿಮೆಯೇನೆಂದರೆ, ವಿವರವನ್ನು ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆಯಿಂದ ಅದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಏಕೆ ಕೇಳಬೇಕು ಎಂದು ವಿಚಾರಿಸಿತು. ನಾವು ಕಚೇರಿಗಳಲ್ಲಿ ತುಂಬುವ ಅರ್ಜಿಗಳನ್ನು ನೆನೆಸಿಕೊಳ್ಳಿ. ಯಾವನೋ ಒಬ್ಬ ಗುಮಾಸ್ತ ಎಂದೋ ಒಂದು ಕಾಲಮ್ಮನ್ನು ಸೇರಿಸುತ್ತಾನೆ. ಆಮೇಲೆ ಅದನ್ನು ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಐಕ್ಯಾನಿಗೂ ಈ ಧೈರ್ಯ ಬರಲು ಏಳು ವರ್ಷ ಬೇಕಾಯಿತು. 2025ರ ಆಗಸ್ಟ್ 21ರಿಂದ ಪೂರ್ಣವಾಗಿ ಜಾರಿಗೆ ಬಂದ ಅದರ ಹೊಸ ನೋಂದಣಿ ಮಾಹಿತಿ ನೀತಿಯಲ್ಲಿ ಆ ‘ಆಡಳಿತ ಸಂಪರ್ಕ’ ಎಂಬ ಕಾಲಮ್ಮು ಇಲ್ಲ. ‘ಹೂ ಈಸ್’ ಎಂಬ ಹಳೆಯ ಕ್ರಮವನ್ನು ನಡೆಸಬೇಕೆಂಬ ಕಟ್ಟುಪಾಡೂ ಡಾಟ್ ಕಾಮಿನಂಥ ಸಾಮಾನ್ಯ ಹೆಸರುಗಳ ಮಟ್ಟಿಗೆ ಅದೇ ವರ್ಷದ ಜನವರಿ 28ಕ್ಕೆ ಮುಗಿದು, ಅದರ ಸ್ಥಾನಕ್ಕೆ ಬೇರೊಂದು ಕ್ರಮ ಬಂದಿದೆ. ಈಗ ಯಾರಾದರೂ ಕೇಳಿದರೆ ಹೆಸರು ವಿಳಾಸದ ಜಾಗದಲ್ಲಿ ಸಾಮಾನ್ಯವಾಗಿ ‘ಗೋಪ್ಯತೆಗಾಗಿ ಮರೆಮಾಡಿದೆ’ ಎಂಬರ್ಥದ ಇಂಗ್ಲಿಷ್ ಮಾತು ಕಾಣುತ್ತದೆ. ರಾಜ್ಯ, ದೇಶಗಳ ಹೆಸರು ಉಳಿದಿರುತ್ತವೆ.

ಹಾಗಾದರೆ ಸಮಸ್ಯೆ ತೀರಿತೆ? ತೀರಲಿಲ್ಲ. ಒಂದು ಕಾರಣ, ಹಿಂದೆ ಬಹಿರಂಗವಾಗಿದ್ದದ್ದನ್ನು ಮರಳಿ ಮುಚ್ಚಲು ಬರುವುದಿಲ್ಲ. ಹಳೆಯ ಪಟ್ಟಿಗಳನ್ನು ವರ್ಷಾನುಗಟ್ಟಲೆ ನಕಲುಮಾಡಿ ಇಟ್ಟುಕೊಂಡು, ಹಣಕ್ಕೆ ತೋರಿಸುವ ಕಂಪನಿಗಳಿವೆ. ಅವುಗಳಲ್ಲಿ ಡೊಮೇನ್‌ಟೂಲ್ಸ್ ಎಂಬುದರ ಮೇಲೆ ನ್ಯೂಜಿಲೆಂಡಿನ ಡೊಮೇನ್ ಆಯೋಗವು 2018ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿ, ತನ್ನ ದೇಶದ ಹೆಸರುಗಳ ಮಟ್ಟಿಗೆ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಎಲ್ಲ ದೇಶಗಳೂ ಹಾಗೆ ಬೆನ್ನುಹತ್ತಿ ಹೋಗಲಿಲ್ಲ.

ಎರಡನೆಯದು, ಬೀದಿಯ ಕಡೆಯ ಕಿಟಕಿ ಮುಚ್ಚಿದ ಮಾತ್ರಕ್ಕೆ ಅಂಗಡಿಯ ಒಳಗಿನ ಬೀರು ಭದ್ರವಾಯಿತೆಂದಲ್ಲ. 2021ರ ಸೆಪ್ಟೆಂಬರಿನಲ್ಲಿ ಎಪಿಕ್ ಎಂಬ ಅಮೆರಿಕದ ಅಂಗಡಿಯ ದಾಖಲೆಗಳನ್ನು ಯಾರೋ ಹೊರಗೆಳೆದು ಹರಡಿದರು. ಅದರಲ್ಲಿ ಸುಮಾರು ಒಂದೂವರೆ ಕೋಟಿ ಇ-ಮೇಲ್ ವಿಳಾಸಗಳು ಸಿಕ್ಕವು. ವಿಚಿತ್ರವೇನೆಂದರೆ, ಅವರಲ್ಲಿ ಬಹಳ ಮಂದಿ ಆ ಅಂಗಡಿಯ ಗಿರಾಕಿಗಳೇ ಆಗಿರಲಿಲ್ಲ! ಬೇರೆ ಅಂಗಡಿಗಳಲ್ಲಿ ಹೆಸರು ಪಡೆದವರ ವಿವರಗಳನ್ನು ಬಹಿರಂಗ ಪಟ್ಟಿಗಳಿಂದ ಗುಡಿಸಿ ತಂದು ಎಪಿಕ್ ತನ್ನಲ್ಲಿ ರಾಶಿ ಹಾಕಿಕೊಂಡಿತ್ತು. ಆ ಅಂಗಡಿಯ ಹೆಸರನ್ನೇ ಕೇಳದಿದ್ದವನ ವಿವರವೂ ಅಲ್ಲಿಂದ ಕಳವಾಯಿತು. ಐಕ್ಯಾನಿನ ಹೊಸ ನೀತಿ ಗಿರಾಕಿ ಬಿಟ್ಟುಹೋದ ಮೇಲೂ ಕನಿಷ್ಠ 15 ತಿಂಗಳು ವಿವರವನ್ನು ಇಟ್ಟುಕೊಂಡಿರಬೇಕೆನ್ನುತ್ತದೆ. ಹೆಸರಿನ ವರ್ಗಾವಣೆಯ ತಕರಾರುಗಳಿಗೆ ಅಷ್ಟು ಕಾಲ ಬೇಕೆಂಬುದು ಒಪ್ಪತಕ್ಕ ಕಾರಣ. ಅದರ ಆಚೆಗೆ ಇಟ್ಟುಕೊಳ್ಳುವವನು ಕಾರಣ ಹೇಳಬೇಕು.

ನನ್ನ ಅಭಿಪ್ರಾಯದಲ್ಲಿ ಎಲ್ಲರಿಗೂ ಒಂದೇ ಅಳತೆಯ ಪರದೆ ಸಲ್ಲದು. ವ್ಯಕ್ತಿಯೊಬ್ಬನು ತನ್ನ ಬರಹಕ್ಕೋ ಹವ್ಯಾಸಕ್ಕೋ ಹೆಸರು ಪಡೆದರೆ ಅವನ ವಿವರ ಕೇಳದೆಯೇ, ಶುಲ್ಕವಿಲ್ಲದೆಯೇ ಮರೆಯಾಗಿರಬೇಕು. ಜನರಿಂದ ಹಣ ಪಡೆಯುವ ಜಾಲತಾಣದ ಮಾತು ಬೇರೆ. ಪೇಟೆಯಲ್ಲಿ ಅಂಗಡಿಯಿಟ್ಟವನು ಬೋರ್ಡು ಹಾಕುತ್ತಾನೆ, ರಶೀದಿಯಲ್ಲಿ ವಿಳಾಸ ಅಚ್ಚುಹಾಕಿಸುತ್ತಾನೆ. ಜಾಲದಲ್ಲಿ ಅಂಗಡಿಯಿಟ್ಟವನಿಗೆ ಮಾತ್ರ ಮುಸುಕೇಕೆ? ಹೊಸ ಕ್ರಮ ಈ ಭೇದವನ್ನು ಸರಿಯಾಗಿ ಮಾಡಿಲ್ಲ. ಅನೇಕ ಅಂಗಡಿಗಳು ಗೊಡವೆಯೇ ಬೇಡವೆಂದು ವ್ಯಕ್ತಿ, ಕಂಪನಿ ಎಲ್ಲರನ್ನೂ ಒಂದೇ ಮುಸುಕಿನಲ್ಲಿ ಸುತ್ತಿವೆ. ಮೋಸಹೋದವನು ಕಾರಣ ಹೇಳಿ ವಿವರ ಕೇಳಲು 2023ರ ನವೆಂಬರಿನಿಂದ ಐಕ್ಯಾನ್ ಒಂದು ವ್ಯವಸ್ಥೆ ಮಾಡಿದೆಯಾದರೂ, ಕೊಡುವುದು ಬಿಡುವುದು ಅಂಗಡಿಯವನ ತೀರ್ಮಾನಕ್ಕೆ ಬಿಟ್ಟದ್ದು. ಇಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಎಂದು ಕಾರಣಸಹಿತ ಹೇಳಲೇಬೇಕು, ಯಾರು ಕೇಳಿದರೆಂಬುದನ್ನು ಬರೆದಿಟ್ಟುಕೊಳ್ಳಬೇಕು ಎಂಬ ನಿಯಮ ಬಿಗಿಯಾಗದೆ ಪೊಲೀಸರ ದೂರೂ ನಿಲ್ಲುವುದಿಲ್ಲ, ಗಿರಾಕಿಯ ಭಯವೂ ನಿಲ್ಲುವುದಿಲ್ಲ.

ಇನ್ನು ನಮ್ಮ ದೇಶದ ವಿಚಾರ. ಡಾಟ್ ಇನ್ ಹೆಸರುಗಳ ಆಡಳಿತ ಐಕ್ಯಾನಿನ ಒಪ್ಪಂದಗಳಿಗೆ ಒಳಪಟ್ಟುದಲ್ಲ. 2003ರಲ್ಲಿ ಸ್ಥಾಪನೆಯಾದ ‘ನಿಕ್ಸಿ’ ಎಂಬ ಲಾಭೋದ್ದೇಶವಿಲ್ಲದ ಕಂಪನಿ ಅದನ್ನು ನೋಡಿಕೊಳ್ಳುತ್ತದೆ. ಕನ್ನಡ ಲಿಪಿಯ ‘ಡಾಟ್ ಭಾರತ’ವೂ ಅದರದೇ. ಡಾಟ್ ಇನ್‌ನಲ್ಲಿ ಬೇರೊಬ್ಬರ ಹೆಸರಿನ ಪರದೆಯನ್ನು ಕೊಳ್ಳಲು ಅವಕಾಶವಿಲ್ಲ. ನಿಜವಾದ ಒಡೆಯನ ವಿವರವೇ ದಾಖಲಾಗಬೇಕು. ರಿಜಿಸ್ಟರ್‌ಫ್ಲೈ ಪ್ರಕರಣವನ್ನು ನೋಡಿದರೆ ಇದು ಒಳ್ಳೆಯ ನಿಯಮವೇ. ಆದರೆ ನಿಜವಾದ ವಿವರವನ್ನು ಕಡ್ಡಾಯವಾಗಿ ಪಡೆಯುವವನ ಹೊಣೆಯೂ ಅಷ್ಟೇ ಹೆಚ್ಚಬೇಕು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗಲೇ ತೊಂಬತ್ತರ ಸಮೀಪದ ವೃದ್ಧರು. 2023ರ ಆಗಸ್ಟಿನಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯನ್ನು ರಕ್ಷಿಸುವ ಕಾಯಿದೆಯೂ, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ಸಂಸ್ಥೆಗಳ ಮೇಲಿನ ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ಮಾಹಿತಿಯನ್ನು ಏಕೆ ಪಡೆಯುತ್ತೇವೆಂದು ತಿಳಿಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು, ತಪ್ಪಿದ್ದರೆ ತಿದ್ದಬೇಕು. ಭದ್ರತೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ. ತಿಳುವಳಿಕೆಯ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವನ್ನು ಕಾಯಿದೆಯೇ ಕೊಟ್ಟಿದೆ. ಹೆಸರಿನ ಅಂಗಡಿಯವನು ಕನ್ನಡದಲ್ಲಿ ಅದನ್ನು ಒದಗಿಸಲೇಬೇಕೆಂದು ನಾವು ಪಟ್ಟುಹಿಡಿಯಬಹುದು. ಆದರೆ ಅದೇ ಕಾಯಿದೆಯಲ್ಲಿ ಒಂದು ಕಲಮಿದೆ: ತಾನಾಗಿ ಬಹಿರಂಗಪಡಿಸಿದ ಮಾಹಿತಿಗೂ, ಕಾನೂನಿನ ಕಟ್ಟಳೆಯಂತೆ ಬೇರೊಬ್ಬರು ಬಹಿರಂಗಪಡಿಸಿದ ಮಾಹಿತಿಗೂ ಈ ರಕ್ಷಣೆ ಅನ್ವಯಿಸುವುದಿಲ್ಲ. ಆದ್ದರಿಂದ ನೋಂದಣಿಯ ಪಟ್ಟಿಯನ್ನು ಮತ್ತೆ ಬಹಿರಂಗಗೊಳಿಸಬೇಕೆಂಬ ಕೂಗು ನಮ್ಮಲ್ಲಿ ಎದ್ದರೆ, ಅದರ ಪರಿಣಾಮ ಕೇವಲ ನಾಲ್ಕು ಫೋನ್ ಕರೆಗಳಷ್ಟೇ ಅಲ್ಲವೆಂಬುದನ್ನು ಮನಗಾಣಬೇಕು.

ಕೊನೆಗೆ ಮನೆಯೊಳಗಿನ ಮಾತೊಂದಿದೆ. ನಮ್ಮ ಜಿಲ್ಲೆಗಳಲ್ಲಿ ಸಾಹಿತ್ಯ ಸಂಘಗಳು, ಸಹಕಾರ ಸಂಘಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಜಾಲತಾಣ ಮಾಡಿಸುವಾಗ ಎಲ್ಲವನ್ನೂ ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ವಹಿಸಿ ನಿಶ್ಚಿಂತರಾಗಿಬಿಡುತ್ತವೆ. ಆತ ಫಾರಂ ತುಂಬುವಾಗ ತನ್ನ ಹೆಸರು, ತನ್ನ ಇ-ಮೇಲು, ತನ್ನ ಫೋನನ್ನು ಬರೆಯುತ್ತಾನೆ. ಅವನಲ್ಲಿ ಕಪಟವೇನೂ ಇರುವುದಿಲ್ಲ, ಅವಸರವಷ್ಟೆ. ಎರಡು ವರ್ಷದ ಮೇಲೆ ಆತ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಅಂಗಡಿಯವನು ಕಳಿಸುವ ನವೀಕರಣದ ಸೂಚನೆ ಆತನ ಹಳೆಯ ಇ-ಮೇಲಿಗೆ ಬಂದು ಬೀಳುತ್ತದೆ. ಸಂಘದ ಹೆಸರು ಕೈಬಿಟ್ಟುಹೋದಾಗ ಕಾರ್ಯದರ್ಶಿಗಳು ರಿಜಿಸ್ಟ್ರಾರನಿಗೆ ಬರೆದರೆ, ‘ದಾಖಲೆಯಲ್ಲಿ ನಿಮ್ಮ ಹೆಸರಿಲ್ಲ, ವಿವರ ತಿಳಿಸಲು ಬರುವುದಿಲ್ಲ’ ಎಂಬ ಉತ್ತರ ಬರುತ್ತದೆ. ಆ ಉತ್ತರ ನಿಯಮಕ್ಕೆ ಅನುಸಾರವಾಗಿಯೇ ಇರುತ್ತದೆ. ಈ ಲೇಖನವನ್ನು ಓದುವವರಲ್ಲಿ ಯಾವುದಾದರೂ ಸಂಘದ ಪದಾಧಿಕಾರಿಗಳಿದ್ದರೆ, ತಮ್ಮ ಸಂಘದ ಹೆಸರು ಯಾವ ಅಂಗಡಿಯಲ್ಲಿ, ಯಾರ ಹೆಸರಿನಲ್ಲಿ, ಯಾವ ಇ-ಮೇಲಿಗೆ ಕಟ್ಟಿಹಾಕಿದೆ ಎಂಬುದನ್ನು ಈ ವಾರವೇ ನೋಡಿಕೊಳ್ಳುವುದು ಒಳ್ಳೆಯದು. ಆ ಹುಡುಗನ ಫೋನ್ ನಂಬರು ಇನ್ನೂ ಬದಲಾಗಿರಲಾರದು.